ವೇಲೆನ್ಸಿ, ಉತ್ಕರ್ಷಣ ಸಂಖ್ಯೆ: ಲೆಕ್ಕ ಎಲ್ಲಿ ಕೈಕೊಡುತ್ತಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಹೈಸ್ಕೂಲಿನಲ್ಲಿ ವೇಲೆನ್ಸಿ ಬರುತ್ತದೆ. ಪಿಯುಸಿಗೆ ಬಂದ ಮೇಲೆ ಉತ್ಕರ್ಷಣ ಸಂಖ್ಯೆ ಬರುತ್ತದೆ. ಎರಡೂ ಪುಟ್ಟ ಅಂಕಿಗಳೇ. ಸೋಡಿಯಂಗೆ ಅದೂ 1, ಇದೂ 1. ಮೆಗ್ನೀಸಿಯಂಗೆ ಅದೂ 2, ಇದೂ 2. ಹಾಗಾಗಿ ಎರಡೂ ಒಂದೇ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಉಪ್ಪು, ಸುಣ್ಣದ ಲೆಕ್ಕ ಮಾಡುವವರೆಗೆ ಆ ತೀರ್ಮಾನ ನಡೆಯುತ್ತದೆ. ಕಾರ್ಬನ್ ಬಂದ ಕೂಡಲೇ ಮುರಿದುಬೀಳುತ್ತದೆ.

ಇಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಕೂಡು-ಕಳೆಯ ತಪ್ಪುಗಳಲ್ಲ. ಒಂದು ಪ್ರಶ್ನೆಗೆ ಇನ್ನೊಂದು ಪ್ರಶ್ನೆಯ ಉತ್ತರ ಹಾಕುವುದೇ ನಿಜವಾದ ದೋಷ. ಅದಕ್ಕೇ ಮತ್ತೆ ಮತ್ತೆ ನಿಯಮ ಬಾಯಿಪಾಠ ಮಾಡಿದರೂ ಗುಣವಾಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಯಾವ ಲಕ್ಷಣ ಕಾಣುತ್ತಿದೆ ನೋಡಿ, ಆ ಭಾಗಕ್ಕೆ ಹೋಗಿ. ಸುಲಭದ ಪರೀಕ್ಷೆಗಳು ಮೊದಲು ಇವೆ, ಕಷ್ಟದವು ಆಮೇಲೆ.

ಎಲ್ಲಕ್ಕಿಂತ ಮೊದಲು: ಅಂಕಿಗೆ ಚಿಹ್ನೆ ಇದೆಯಾ?

ಇದು ಅರ್ಧ ನಿಮಿಷದ ಕೆಲಸ. ನೀವು ಬರೆದ ಅಂಕಿಯ ಹಿಂದೆ + ಅಥವಾ − ಇದೆಯಾ ನೋಡಿ.

ವೇಲೆನ್ಸಿ ಅಂದರೆ ಒಂದು ಪರಮಾಣು ಎಷ್ಟು ಬಂಧ ಕಟ್ಟಿಕೊಳ್ಳುತ್ತದೆ ಎಂಬ ಎಣಿಕೆ. ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ 1852ರಲ್ಲಿ ಈ ವಿಚಾರಕ್ಕೆ ರೂಪ ಕೊಟ್ಟಾಗ ಎಲೆಕ್ಟ್ರಾನ್ ಇನ್ನೂ ಪತ್ತೆಯೇ ಆಗಿರಲಿಲ್ಲ. ಎಷ್ಟು ಹೈಡ್ರೋಜನ್ ಪರಮಾಣುಗಳು ಜೊತೆಗೂಡುತ್ತವೆ ಎಂದು ಎಣಿಸಿದರೆ ಸಾಕು, ಅದೇ ಅಳತೆ. ಅಮೋನಿಯಾದಲ್ಲಿ ಮೂರು ಹೈಡ್ರೋಜನ್ ಇವೆ, ಆದ್ದರಿಂದ ನೈಟ್ರೋಜನ್‌ನ ವೇಲೆನ್ಸಿ 3. ಎಣಿಕೆಗೆ ಚಿಹ್ನೆ ಬೇಕಿಲ್ಲ. "ವೇಲೆನ್ಸಿ −3" ಎಂದು ಬರೆದಿದ್ದರೆ ನೀವು ಎರಡನ್ನು ಕಲಸಿದ್ದೀರಿ.

ಉತ್ಕರ್ಷಣ ಸಂಖ್ಯೆ ಎಲೆಕ್ಟ್ರಾನುಗಳ ಜಮಾ-ಖರ್ಚಿನ ಪುಸ್ತಕ. ಪ್ರತಿ ಬಂಧದ ಎಲೆಕ್ಟ್ರಾನುಗಳನ್ನೂ, ಅವನ್ನು ಜಾಸ್ತಿ ಎಳೆಯುವ ಪರಮಾಣುವಿನ ಖಾತೆಗೆ ಪೂರ್ತಿ ಬರೆದುಬಿಡುತ್ತೇವೆ. ಪಡೆದವನಿಗೆ −, ಕಳೆದುಕೊಂಡವನಿಗೆ +. ಎಲೆಕ್ಟ್ರಾನಿಗೆ ಋಣ ಚಾರ್ಜ್ ಇರುವುದರಿಂದ ಪಡೆದವನ ಸಂಖ್ಯೆ ಕೆಳಗಿಳಿಯುತ್ತದೆ. ಹಾಗಾಗಿ ಇಲ್ಲಿ ಚಿಹ್ನೆ ಇರಲೇಬೇಕು. ಸೊನ್ನೆಯೊಂದಕ್ಕೆ ಮಾತ್ರ ಚಿಹ್ನೆ ಬೇಡ.

ಒಂದು ಮಾತು ನೆನಪಿರಲಿ: ಇದು ಬರೀ ಲೆಕ್ಕ. ಪರ್ಮಾಂಗನೇಟಿನಲ್ಲಿ ಮ್ಯಾಂಗನೀಸ್ +7 ಎಂದರೆ ಏಳು ಎಲೆಕ್ಟ್ರಾನು ಕಳಚಿಕೊಂಡ ಬರಿಯ ಅಯಾನು ಅಲ್ಲಿ ಕೂತಿದೆ ಎಂದಲ್ಲ.

ಇನ್ನೊಂದು ಸಣ್ಣ ಗುರುತು: ಅಯಾನಿನ ಚಾರ್ಜನ್ನು 2− ಎಂದು, ಅಂಕಿ ಮೊದಲು ಇಟ್ಟು ಬರೆಯುತ್ತಾರೆ. ಉತ್ಕರ್ಷಣ ಸಂಖ್ಯೆಯನ್ನು −2 ಎಂದು, ಚಿಹ್ನೆ ಮೊದಲು ಇಟ್ಟು ಬರೆಯುತ್ತಾರೆ. ಈ ರೂಢಿ ಕೈಗೆ ಹತ್ತಿದರೆ ಯಾವ ಲೆಕ್ಕ ಮಾಡುತ್ತಿದ್ದೀರಿ ಎಂಬುದು ನಿಮಗೇ ಕಣ್ಣಿಗೆ ಕಾಣುತ್ತಿರುತ್ತದೆ.

ಲಕ್ಷಣ: ಸೂತ್ರದ ಕೆಳಗಿನ ಅಂಕಿಗಳು ತಪ್ಪಾಗುತ್ತಿವೆ

ಅಡ್ಡಗೀಟು ಹಾಕಿ ವೇಲೆನ್ಸಿ ಅದಲು ಬದಲು ಮಾಡುವ ವಿಧಾನ ಎಲ್ಲರಿಗೂ ಗೊತ್ತು. ಅಲ್ಯೂಮಿನಿಯಂ 3, ಆಕ್ಸಿಜನ್ 2. ಅದಲು ಬದಲು ಮಾಡಿದರೆ ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್. ಇದು ಕೆಡುವುದು ಮೂರು ಜಾಗದಲ್ಲಿ.

ಮೊದಲನೆಯದು ಹೆಸರು ಓದುವುದರಲ್ಲಿ. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಈ ಮೂರನ್ನೂ ಅವಸರದಲ್ಲಿ ಒಂದೇ ಥರ ಓದುತ್ತೇವೆ. ಮೂರಕ್ಕೂ ವೇಲೆನ್ಸಿ 2 ಆಗಿರುವುದರಿಂದ ಸೋಡಿಯಂ ಪ್ರತಿ ಸಲ ಎರಡೇ ಬರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಆದರೆ ಗಂಧಕದ ಉತ್ಕರ್ಷಣ ಸಂಖ್ಯೆ ಸಲ್ಫೈಡಿನಲ್ಲಿ −2, ಸಲ್ಫೈಟಿನಲ್ಲಿ +4, ಸಲ್ಫೇಟಿನಲ್ಲಿ +6. ನೈಟ್ರೈಟ್, ನೈಟ್ರೇಟ್ ಕಥೆಯೂ ಇದೇ: ಎರಡಕ್ಕೂ ವೇಲೆನ್ಸಿ 1, ನೈಟ್ರೋಜನ್ ಮಾತ್ರ ಒಂದರಲ್ಲಿ +3, ಇನ್ನೊಂದರಲ್ಲಿ +5. ಹೆಸರಿನ ಬಾಲವನ್ನು ಬೆರಳಿಟ್ಟು ಓದಿ.

ಎರಡನೆಯದು ಆವರಣ. ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಮೂರು ಕ್ಯಾಲ್ಸಿಯಂ, ಎರಡು ಫಾಸ್ಫೇಟ್. ಫಾಸ್ಫೇಟಿಗೆ ಆವರಣ ಹಾಕದೆ 2 ಬರೆದರೆ ಅದು ಕೊನೆಯ ಆಕ್ಸಿಜನ್‌ಗೆ ಅಂಟಿಕೊಂಡು ನಾಲ್ಕು ಹೋಗಿ ನಲವತ್ತೆರಡಾಗುತ್ತದೆ.

ಮೂರನೆಯದು ಅಂಕಿಗಳನ್ನು ಭಾಗಿಸಿ ಸರಳಗೊಳಿಸುವುದು. ಮೆಗ್ನೀಸಿಯಂ ಆಕ್ಸೈಡಿನಲ್ಲಿ ಎರಡಕ್ಕೆ ಎರಡು ಬಂದರೆ ಒಂದಕ್ಕೆ ಒಂದು ಮಾಡುವುದು ಸರಿ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಎರಡು ಹೈಡ್ರೋಜನ್, ಎರಡು ಆಕ್ಸಿಜನ್ ಇವೆ. ಅದನ್ನು ಸರಳಗೊಳಿಸಿದರೆ ಆ ವಸ್ತುವೇ ಉಳಿಯುವುದಿಲ್ಲ. ಪಾದರಸದ ಕ್ಯಾಲೊಮೆಲ್ ಇನ್ನೂ ಒಳ್ಳೆಯ ಉದಾಹರಣೆ. ಅದರಲ್ಲಿ ಎರಡು ಪಾದರಸ, ಎರಡು ಕ್ಲೋರಿನ್. ಪಾದರಸಗಳು ಒಂದಕ್ಕೊಂದು ಬಂಧ ಕಟ್ಟಿಕೊಂಡಿವೆ, ಜೊತೆಗೆ ತಲಾ ಒಂದು ಕ್ಲೋರಿನ್ ಹಿಡಿದಿವೆ. ಬಂಧ ಎಣಿಸಿದರೆ ಪ್ರತಿ ಪಾದರಸಕ್ಕೆ 2. ಉತ್ಕರ್ಷಣ ಸಂಖ್ಯೆ ಮಾತ್ರ +1, ಯಾಕೆಂದರೆ ಒಂದೇ ಧಾತುವಿನ ಎರಡು ಪರಮಾಣುಗಳ ನಡುವೆ ಯಾರೂ ಯಾರಿಗೂ ಎಲೆಕ್ಟ್ರಾನು ಕೊಡುವುದಿಲ್ಲ. ಅಡ್ಡಗೀಟು ವಿಧಾನ ಅಯಾನುಗಳ ನಡುವಿನ ಸಂಯುಕ್ತಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಧಾತುವಿನ ಪರಮಾಣುಗಳು ಪರಸ್ಪರ ಕೈಹಿಡಿದಿರುವ ಕಡೆ ಅದನ್ನು ನಂಬಬೇಡಿ.

ಲಕ್ಷಣ: ಒಟ್ಟು ಮೊತ್ತ ಹೊಂದುತ್ತಿಲ್ಲ, ಅಥವಾ ಉತ್ತರ ವಿಪರೀತ ದೊಡ್ಡದು

ಕ್ರೋಮಿಯಂಗೆ +12 ಬಂತು, ಗಂಧಕಕ್ಕೆ +8 ಬಂತು ಎನ್ನುವ ಜಾತಿಯ ತೊಂದರೆ ಇದು. ಸಾಮಾನ್ಯವಾಗಿ ಕಾರಣ ತೀರಾ ಸಣ್ಣದಾಗಿರುತ್ತದೆ.

ಪೊಟ್ಯಾಸಿಯಂ ಡೈಕ್ರೋಮೇಟ್ ತೆಗೆದುಕೊಳ್ಳಿ. ಎರಡು ಪೊಟ್ಯಾಸಿಯಂ, ಎರಡು ಕ್ರೋಮಿಯಂ, ಏಳು ಆಕ್ಸಿಜನ್. ಕ್ರೋಮಿಯಂನ ಸಂಖ್ಯೆ 'ಕ' ಎಂದಿಟ್ಟುಕೊಂಡರೆ 2 + 2ಕ − 14 = 0. ಅಂದರೆ 2ಕ = 12. ಇಲ್ಲಿಗೇ ಪೆನ್ನು ಕೆಳಗಿಟ್ಟವರಿಗೆ +12 ಸಿಗುತ್ತದೆ. ಉತ್ಕರ್ಷಣ ಸಂಖ್ಯೆ ಒಂದು ಪರಮಾಣುವಿನದು, ಆದ್ದರಿಂದ ಎರಡರಿಂದ ಭಾಗಿಸಿ +6 ಮಾಡಬೇಕು.

ಸಲ್ಫೇಟ್ ಅಯಾನಿನಲ್ಲಿ +8 ಬಂದಿದ್ದರೆ ನೀವು ಮೊತ್ತವನ್ನು ಸೊನ್ನೆಗೆ ಸಮ ಮಾಡಿದ್ದೀರಿ. ಅಯಾನಿಗೆ ಚಾರ್ಜ್ 2− ಇದೆ. ಮೊತ್ತ −2ಕ್ಕೆ ಸಮ ಆಗಬೇಕು: ಕ − 8 = −2, ಉತ್ತರ +6. ಬಲಗಡೆಯ ಅಂಕಿಯನ್ನು ಮೊದಲೇ ಬರೆದು ಆಮೇಲೆ ಎಡಗಡೆ ತುಂಬಿಸುವುದು ಒಳ್ಳೆಯ ಅಭ್ಯಾಸ.

ಇಲ್ಲೊಂದು ಅಗ್ಗದ ತಪಾಸಣೆ ಇದೆ. ಬಹಳ ಜನ ಬಳಸುವುದಿಲ್ಲ, ಆದರೆ ಮುಂದಿನ ಎಲ್ಲ ಭಾಗಗಳಿಗೂ ಇದು ಬೇಕು. ಆವರ್ತಕ ಕೋಷ್ಟಕದಲ್ಲಿ ಆ ಧಾತುವಿನ ಗುಂಪಿನ ಸಂಖ್ಯೆ ನೋಡಿ. 13ರಿಂದ 18ರವರೆಗಿನ ಗುಂಪಾದರೆ 10 ಕಳೆಯಿರಿ. ನಿಮ್ಮ ಪಿಯುಸಿ ಲೆಕ್ಕಗಳಲ್ಲಿ ಬರುವ ಧಾತುಗಳ ಸಂಖ್ಯೆ ಅದನ್ನು ಮೀರುವುದಿಲ್ಲ. ಗಂಧಕ 16ನೇ ಗುಂಪು, ಮಿತಿ +6. ಕ್ರೋಮಿಯಂ 6ನೇ ಗುಂಪು, ಮಿತಿ +6. ಮ್ಯಾಂಗನೀಸ್ 7, ಮಿತಿ +7. ನೈಟ್ರೋಜನ್ 15, ಮಿತಿ +5. ಕೊಡುವುದಕ್ಕೆ ಹೊರಗಿನ ಎಲೆಕ್ಟ್ರಾನುಗಳೇ ಅಷ್ಟಿರುವಾಗ ಅದಕ್ಕಿಂತ ಜಾಸ್ತಿ ಎಲ್ಲಿಂದ ಬರಬೇಕು? ಇಡೀ ಕೋಷ್ಟಕದಲ್ಲಿ ಈವರೆಗೆ ಕಂಡಿರುವ ಅತಿ ದೊಡ್ಡ ಸಂಖ್ಯೆಯೇ +9. ಅದೂ 2014ರಲ್ಲಿ, ಇರಿಡಿಯಂನ ಒಂದು ಅಯಾನಿನಲ್ಲಿ. ಹಾಗಾಗಿ +12 ಎಂಬ ಉತ್ತರ ನೋಡಿದ ಕೂಡಲೇ ಹಿಂದಕ್ಕೆ ಹೋಗಿ ಹುಡುಕಬಹುದು.

ಲಕ್ಷಣ: ಕಾರ್ಬನ್‌ಗೆ ವೇಲೆನ್ಸಿ 4, ಆದರೆ ಉತ್ತರ ಸೊನ್ನೆ ಬರುತ್ತಿದೆ

ಇದು ದೋಷವೇ ಅಲ್ಲ. ಆದರೂ ಸರಿಯಾದ ಉತ್ತರವನ್ನು ಹೊಡೆದುಹಾಕಿ ತಪ್ಪು ಬರೆಯುವವರು ಜಾಸ್ತಿ ಸಿಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಮೀಥೇನ್‌ನಲ್ಲಿ ಕಾರ್ಬನ್‌ಗೆ ನಾಲ್ಕು ಹೈಡ್ರೋಜನ್. ಕಾರ್ಬನ್ ಹೈಡ್ರೋಜನ್‌ಗಿಂತ ತುಸು ಬಲವಾಗಿ ಎಳೆಯುತ್ತದೆ, ಆದ್ದರಿಂದ ನಾಲ್ಕೂ ಬಂಧದಲ್ಲಿ ಒಂದೊಂದು ಎಲೆಕ್ಟ್ರಾನು ಲಾಭ. ಸಂಖ್ಯೆ −4. ಈಗ ಒಂದು ಹೈಡ್ರೋಜನ್ ತೆಗೆದು ಆ ಜಾಗಕ್ಕೆ ಕ್ಲೋರಿನ್ ಹಾಕಿ. ಕ್ಲೋರಿನ್ ಕಾರ್ಬನ್‌ಗಿಂತ ಬಲವಾದದ್ದು. ಅಲ್ಲಿ ಒಂದು ಲಾಭ ಹೋಯಿತು, ಮೇಲೆ ಒಂದು ನಷ್ಟವೂ ಆಯಿತು. ಅಂದರೆ ಎರಡು ಮೆಟ್ಟಿಲು ಏರಿ −2. ಇನ್ನೊಂದು ಕ್ಲೋರಿನ್ ಹಾಕಿದರೆ 0. ಮೂರನೆಯದಕ್ಕೆ ಕ್ಲೋರೋಫಾರಂ, +2. ನಾಲ್ಕನೆಯದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್, +4.

ಐದೂ ಅಣುಗಳಲ್ಲಿ ಕಾರ್ಬನ್ ನಾಲ್ಕೇ ಬಂಧ ಕಟ್ಟಿದೆ. ವೇಲೆನ್ಸಿ ಕದಲಲಿಲ್ಲ. ಉತ್ಕರ್ಷಣ ಸಂಖ್ಯೆ −4ರಿಂದ +4ರವರೆಗೆ ಪೂರ್ತಿ ಏರಿತು. ಈ ಐದು ಅಣುಗಳನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬಿಡಿಸಿ, ಪಕ್ಕದಲ್ಲಿ ಎರಡು ಕಾಲಂ ಮಾಡಿ ತುಂಬಿಸಿ ನೋಡಿ. ಒಂದು ಕಾಲಂ ಪೂರ್ತಿ 4, ಇನ್ನೊಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಒಂದು ಹಾಳೆ ಇಡೀ ಪಾಠಕ್ಕಿಂತ ಹೆಚ್ಚು ಕಲಿಸುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನೈಟ್ರೋಜನ್ ಅನಿಲವೂ ಹಾಗೆಯೇ. ಎರಡು ಪರಮಾಣುಗಳ ನಡುವೆ ಮೂರು ಬಂಧ, ವೇಲೆನ್ಸಿ 3. ಇಬ್ಬರೂ ಸಮಬಲರು, ಆದ್ದರಿಂದ ಉತ್ಕರ್ಷಣ ಸಂಖ್ಯೆ 0. ಅಮೋನಿಯಂ ಅಯಾನಿನಲ್ಲಿ ಬಂಧ ನಾಲ್ಕು, ಸಂಖ್ಯೆ −3.

ನೈಟ್ರಿಕ್ ಆಮ್ಲದಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಸಂಖ್ಯೆ +5 ಬಂತು, ಹಾಗಾಗಿ ವೇಲೆನ್ಸಿಯೂ 5 ಎಂದು ಬರೆದು ನೈಟ್ರೋಜನ್‌ಗೆ ಐದು ಬಂಧ ಬಿಡಿಸುತ್ತಾರೆ. ನೈಟ್ರೋಜನ್‌ನ ಹೊರಕವಚದಲ್ಲಿ ನಾಲ್ಕು ಜೋಡಿಗೆ ಮಾತ್ರ ಜಾಗ. ಅದು ನಾಲ್ಕಕ್ಕಿಂತ ಹೆಚ್ಚು ಬಂಧ ಕಟ್ಟುವುದಿಲ್ಲ. ಹಾಗಾದರೆ +5 ಎಲ್ಲಿಂದ ಬಂತು? ಒಂದು ಆಕ್ಸಿಜನ್ ಜೊತೆ ಎರಡು ಬಂಧ, ಖಾತೆಯಿಂದ 2 ಹೋಯಿತು. ಇನ್ನೊಂದು ಆಕ್ಸಿಜನ್ ಜೊತೆ ಒಂದು ಬಂಧ, 1 ಹೋಯಿತು. ಮೂರನೆಯ ಆಕ್ಸಿಜನ್‌ಗೆ ಒಂದೇ ಬಂಧ, ಆದರೆ ಅದರ ಎರಡೂ ಎಲೆಕ್ಟ್ರಾನುಗಳನ್ನು ನೈಟ್ರೋಜನ್ನೇ ಕೊಟ್ಟಿದೆ. ಅಲ್ಲಿ 2 ಹೋಯಿತು. ಒಟ್ಟು 5. ಬಂಧ ನಾಲ್ಕು, ನಷ್ಟ ಐದು.

ಲಕ್ಷಣ: ಆಕ್ಸಿಜನ್‌ಗೆ −2 ಹಾಕಿದರೆ ಅಸಾಧ್ಯವಾದ ಉತ್ತರ ಬರುತ್ತಿದೆ

ಭಾಗಾಕಾರ ಸರಿ ಇದೆ, ಚಾರ್ಜೂ ಸರಿ ಇದೆ, ಆದರೂ ಗುಂಪಿನ ಮಿತಿ ಮೀರುತ್ತಿದೆ. ಆಗ ಅನುಮಾನ ಪಡಬೇಕಾದದ್ದು ಆಕ್ಸಿಜನ್ ಮೇಲೆ. "ಆಕ್ಸಿಜನ್ ಯಾವಾಗಲೂ −2" ಎಂಬುದು ನಿಯಮವಲ್ಲ, ರೂಢಿ. ಎರಡು ಆಕ್ಸಿಜನ್‌ಗಳು ಒಂದಕ್ಕೊಂದು ಅಂಟಿಕೊಂಡಾಗ ಆ ಬಂಧದಿಂದ ಯಾರಿಗೂ ಲಾಭವಿಲ್ಲ. ಆಗ ಪ್ರತಿಯೊಂದಕ್ಕೂ −1 ಮಾತ್ರ. ಇದೇ ಪೆರಾಕ್ಸೈಡ್.

ಬೇರಿಯಂಗೆ ಎರಡು ಆಕ್ಸಿಜನ್ ಇರುವ ಸಂಯುಕ್ತ ನೋಡಿ. −2ರ ಲೆಕ್ಕದಲ್ಲಿ ಬೇರಿಯಂ +4 ಆಗುತ್ತದೆ. ಬೇರಿಯಂ 2ನೇ ಗುಂಪು, +2 ದಾಟುವುದಿಲ್ಲ. ಹಾಗಾಗಿ ಅದು ಪೆರಾಕ್ಸೈಡ್. ಸೀಸಕ್ಕೆ ಎರಡು ಆಕ್ಸಿಜನ್ ಇದ್ದರೆ? ಸೀಸ 14ನೇ ಗುಂಪು, ಮಿತಿ +4. ಅಲ್ಲಿ +4 ಒಪ್ಪುತ್ತದೆ, ಅದು ಸಾಮಾನ್ಯ ಡೈಆಕ್ಸೈಡ್. ಹೊರಗಿನಿಂದ ಎರಡೂ ಸೂತ್ರ ಒಂದೇ ಥರ ಕಾಣುತ್ತವೆ, ಗುಂಪಿನ ಸಂಖ್ಯೆ ಬೇರೆ ಮಾಡಿ ತೋರಿಸುತ್ತದೆ.

ಪರೀಕ್ಷೆಗಳಲ್ಲಿ ಇಷ್ಟಪಟ್ಟು ಕೇಳುವುದು ಒಂದು ಕ್ರೋಮಿಯಂ, ಐದು ಆಕ್ಸಿಜನ್ ಇರುವ ನೀಲಿ ಸಂಯುಕ್ತವನ್ನು. ಕಣ್ಣುಮುಚ್ಚಿ ಮಾಡಿದರೆ +10. ನಿಜವಾಗಿ ನಾಲ್ಕು ಆಕ್ಸಿಜನ್‌ಗಳು ಎರಡು ಪೆರಾಕ್ಸೈಡ್ ಜೋಡಿಗಳಾಗಿವೆ, ಒಂದು ಮಾತ್ರ ಒಂಟಿ. ನಾಲ್ಕಕ್ಕೆ −4, ಒಂಟಿಗೆ −2, ಒಟ್ಟು −6. ಕ್ರೋಮಿಯಂ +6. ಎರಡು ಹೈಡ್ರೋಜನ್, ಒಂದು ಗಂಧಕ, ಐದು ಆಕ್ಸಿಜನ್ ಇರುವ ಕ್ಯಾರೋ ಆಮ್ಲದಲ್ಲೂ ಇದೇ ತಂತ್ರ: +8 ಬಂದರೆ ಒಂದು ಪೆರಾಕ್ಸೈಡ್ ಜೋಡಿ ಅಡಗಿದೆ ಎಂದು ತಿಳಿಯಿರಿ, ಸರಿಯಾದದ್ದು +6.

ಆಕ್ಸಿಜನ್‌ಗಿಂತ ಬಲವಾಗಿ ಎಳೆಯುವುದು ಫ್ಲೋರಿನ್ ಒಂದೇ. ಅದರ ಜೊತೆ ಸೇರಿದಾಗ ಆಕ್ಸಿಜನ್ ಕಳೆದುಕೊಳ್ಳುತ್ತದೆ. ಎರಡು ಫ್ಲೋರಿನ್ ಜೊತೆಗಿನ ಒಂದು ಆಕ್ಸಿಜನ್‌ಗೆ +2. ಸಂಯುಕ್ತಗಳಲ್ಲಿ ಫ್ಲೋರಿನ್ ಎಂದೆಂದೂ −1, ಅದಕ್ಕೆ ಅಪವಾದವಿಲ್ಲ. ಹೈಡ್ರೋಜನ್ ಕೂಡ ಸಾಮಾನ್ಯವಾಗಿ +1, ಆದರೆ ಸೋಡಿಯಂ ಹೈಡ್ರೈಡಿನಂಥ ಲೋಹದ ಹೈಡ್ರೈಡುಗಳಲ್ಲಿ −1.

ನಿಯಮಗಳು ಜಗಳ ಆಡುತ್ತಿವೆ ಅನಿಸಿದರೆ ಈ ಕ್ರಮದಲ್ಲಿ ಹೋಗಿ: ಮೊದಲು ಫ್ಲೋರಿನ್, ಆಮೇಲೆ 1 ಮತ್ತು 2ನೇ ಗುಂಪಿನ ಲೋಹಗಳು, ಆಮೇಲೆ ಹೈಡ್ರೋಜನ್, ಆಮೇಲೆ ಆಕ್ಸಿಜನ್. ಮೊದಲು ಬಂದವರ ಮಾತು ನಡೆಯುತ್ತದೆ, ನಂತರದವರು ಹೊಂದಿಕೊಳ್ಳಬೇಕು.

ಲಕ್ಷಣ: ಉತ್ತರ ಭಿನ್ನರಾಶಿಯಲ್ಲಿ ಬಂತು

ಗಾಬರಿ ಬೇಡ. ಲೆಕ್ಕ ಬಹುಶಃ ಸರಿಯಾಗಿಯೇ ಇದೆ. ಭಿನ್ನರಾಶಿ ಹೇಳುತ್ತಿರುವುದು ಇಷ್ಟು: ಒಂದೇ ಧಾತುವಿನ ಪರಮಾಣುಗಳು ಆ ವಸ್ತುವಿನಲ್ಲಿ ಬೇರೆ ಬೇರೆ ಸ್ಥಿತಿಯಲ್ಲಿವೆ, ನೀವು ಸರಾಸರಿ ತೆಗೆದಿದ್ದೀರಿ.

ನಮ್ಮ ನೆಲದಲ್ಲೇ ಇದಕ್ಕೆ ಚೆಂದದ ಉದಾಹರಣೆ ಇದೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಹೆಸರಾಂತ ಅದಿರು ಹೆಮಟೈಟ್: ಎರಡು ಕಬ್ಬಿಣ, ಮೂರು ಆಕ್ಸಿಜನ್. ಕಬ್ಬಿಣ +3, ಗೊಂದಲವಿಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ್ದು ಮ್ಯಾಗ್ನೆಟೈಟ್: ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಇಲ್ಲಿ 3ಕ = 8, ಅಂದರೆ +8/3. ಕಬ್ಬಿಣದ ಯಾವ ಪರಮಾಣುವೂ ಎರಡೂ ಮುಕ್ಕಾಲಿನ ಹತ್ತಿರದ ಸಂಖ್ಯೆಯಲ್ಲಿ ಇರುವುದಿಲ್ಲ. ಒಂದು +2, ಎರಡು +3. ಕೂಡಿದರೆ 8. ಹೆಮಟೈಟ್ ಪುಡಿ ಕೆಂಪು, ಆಯಸ್ಕಾಂತ ಹಿಡಿದರೆ ಹೆಚ್ಚುಕಡಿಮೆ ಸುಮ್ನೆ ಇರುತ್ತದೆ. ಮ್ಯಾಗ್ನೆಟೈಟ್ ಪುಡಿ ಕಪ್ಪು, ಆಯಸ್ಕಾಂತಕ್ಕೆ ಹಾರಿ ಅಂಟುತ್ತದೆ. ಧಾತುಗಳು ಅವೇ ಎರಡು. ಎಲೆಕ್ಟ್ರಾನಿನ ಲೆಕ್ಕ ಬದಲಾದರೆ ಕಣ್ಣಿಗೆ ಕಾಣುವ ಗುಣವೇ ಬದಲಾಗುತ್ತದೆ, ಅಲ್ವಾ?

ಟೆಟ್ರಾಥಯೋನೇಟ್ ಅಯಾನಿನಲ್ಲಿ ನಾಲ್ಕು ಗಂಧಕ, ಆರು ಆಕ್ಸಿಜನ್, ಚಾರ್ಜ್ 2−. ಸರಾಸರಿ +2.5. ರಚನೆ ಬಿಡಿಸಿದರೆ ತುದಿಯ ಎರಡು ಗಂಧಕಗಳು ತಲಾ +5, ನಡುವಿನ ಎರಡು 0. ಅಸಿಟಿಕ್ ಆಮ್ಲದಲ್ಲಿ ಭಿನ್ನರಾಶಿ ಬರುವುದಿಲ್ಲ, ಸರಾಸರಿ 0 ಬರುತ್ತದೆ. ಆದರೂ ಒಳಗೆ ಒಂದು ಕಾರ್ಬನ್ −3, ಇನ್ನೊಂದು +3. ಪೂರ್ಣಾಂಕ ಬಂತು ಎಂದ ಮಾತ್ರಕ್ಕೆ ಎಲ್ಲ ಪರಮಾಣುಗಳೂ ಒಂದೇ ಥರ ಇವೆ ಎಂದುಕೊಳ್ಳಬೇಡಿ.

ಪೊಟ್ಯಾಸಿಯಂ ಸೂಪರಾಕ್ಸೈಡ್ ಬೇರೆಯೇ ಬಗೆ. ಅಲ್ಲಿ ಆಕ್ಸಿಜನ್‌ಗೆ −1/2. ಒಂದು ಹೆಚ್ಚುವರಿ ಎಲೆಕ್ಟ್ರಾನನ್ನು ಎರಡು ಆಕ್ಸಿಜನ್‌ಗಳು ಸಮವಾಗಿ ಹಂಚಿಕೊಂಡಿವೆ. ಇದನ್ನು ಒಡೆದು ನೋಡಲು ಹೋಗಬೇಡಿ, ಹಾಗೇ ಬಿಡಿ.

ಲಕ್ಷಣ: ಸಮೀಕರಣದಲ್ಲಿ ಪರಮಾಣುಗಳು ಸಮ, ಆದರೂ ಉತ್ತರ ತಪ್ಪು

ಚಾರ್ಜ್ ಕೂಡಿಸಿ ನೋಡಿ. ತಾಮ್ರದ ತಂತಿಯನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಇಟ್ಟರೆ ಬೆಳ್ಳಿ ಹೊರಬರುತ್ತದೆ. ಒಂದು ತಾಮ್ರ, ಒಂದು ಬೆಳ್ಳಿ ಅಯಾನು ಎಂದು ಬರೆದರೆ ಪರಮಾಣುಗಳ ಎಣಿಕೆ ಸರಿ ಇರುತ್ತದೆ. ಆದರೆ ಎಡಗಡೆ ಚಾರ್ಜ್ +1, ಬಲಗಡೆ +2. ತಾಮ್ರ ಎರಡು ಎಲೆಕ್ಟ್ರಾನು ಕೊಡುತ್ತದೆ, ಒಂದು ಬೆಳ್ಳಿ ಅಯಾನು ಒಂದನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಎರಡು ಬೆಳ್ಳಿ ಅಯಾನು ಬೇಕು.

ಒಂದು ಧಾತುವಿನ ಸಂಖ್ಯೆ ಏರಿದೆ, ಇಳಿದದ್ದು ಯಾವುದೂ ಕಾಣುತ್ತಿಲ್ಲ ಎಂದಾದರೆ ಯಾವುದೋ ಒಂದನ್ನು ಬಿಟ್ಟಿದ್ದೀರಿ. ಕೊಟ್ಟ ಎಲೆಕ್ಟ್ರಾನು ಯಾರಿಗಾದರೂ ಸೇರಲೇಬೇಕು. ಏರಿದ್ದೂ ಇಳಿದದ್ದೂ ಒಂದೇ ಧಾತು ಆಗಿರಬಹುದು, ಅದು ತಪ್ಪಲ್ಲ. ಕ್ಲೋರಿನ್ ಅನಿಲವನ್ನು ತಣ್ಣನೆಯ ತೆಳು ಸೋಡಿಯಂ ಹೈಡ್ರಾಕ್ಸೈಡಿಗೆ ಹಾಯಿಸಿದರೆ 0ಯಿಂದ ಒಂದು ಪಾಲು −1ಕ್ಕೆ ಇಳಿಯುತ್ತದೆ, ಇನ್ನೊಂದು ಪಾಲು +1ಕ್ಕೆ ಏರುತ್ತದೆ. ಸುಣ್ಣಕಲ್ಲು ಸುಟ್ಟಾಗ ಯಾವ ಸಂಖ್ಯೆಯೂ ಕದಲುವುದಿಲ್ಲ. ಅದು ಉತ್ಕರ್ಷಣ-ಅಪಕರ್ಷಣ ಕ್ರಿಯೆಯೇ ಅಲ್ಲ.

ಎಚ್ಚರಿಕೆ: ಬ್ಯುರೆಟ್ ಹಿಡಿಯುವ ಮೊದಲು ಇದನ್ನು ಓದಿ

ಈ ಸಂಖ್ಯೆಗಳು ಕಾಗದದ ಮೇಲಷ್ಟೇ ಇಲ್ಲ. ಮೇಲೆ ಹೇಳಿದ ಕ್ಲೋರಿನ್ ಕ್ರಿಯೆ ಆಮ್ಲ ಸಿಕ್ಕರೆ ಹಿಮ್ಮುಖವಾಗಿ ನಡೆಯುತ್ತದೆ. ಬಟ್ಟೆಯ ಬ್ಲೀಚ್ ದ್ರಾವಣದಲ್ಲಿ, ಬ್ಲೀಚಿಂಗ್ ಪೌಡರಿನಲ್ಲಿ +1 ಸ್ಥಿತಿಯ ಕ್ಲೋರಿನ್ ಇದೆ. ಅನೇಕ ಟಾಯ್ಲೆಟ್ ಕ್ಲೀನರುಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಅಲ್ಲಿ ಕ್ಲೋರಿನ್ −1. ಎರಡೂ ಸೇರಿದರೆ +1, −1 ಎರಡೂ 0ಗೆ ಬರುತ್ತವೆ. ಅಂದರೆ ವಿಷಕಾರಿ ಕ್ಲೋರಿನ್ ಅನಿಲ. ಎರಡನ್ನು ಎಂದೂ ಒಟ್ಟಿಗೆ ಹಾಕಬೇಡಿ, ಒಂದರ ಹಿಂದೆ ಒಂದನ್ನೂ ಹಾಕಬೇಡಿ. ಬಚ್ಚಲಲ್ಲಿ ಘಾಟು ಬಂದು ಕಣ್ಣು ಉರಿದು ಕೆಮ್ಮು ಶುರುವಾದರೆ, ಇನ್ನೇನನ್ನೋ ಸುರಿದು ಸರಿಮಾಡಲು ಹೋಗಬೇಡಿ. ತಕ್ಷಣ ಹೊರಗೆ ಬನ್ನಿ, ಉಳಿದವರನ್ನೂ ಹೊರಗೆ ಕರೆಯಿರಿ. ಉಸಿರಾಟ ಕಷ್ಟವಾದರೆ 108 ಅಥವಾ 112ಕ್ಕೆ ಫೋನ್ ಮಾಡಿ.

ಲ್ಯಾಬಿನಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಮುಟ್ಟುವಾಗ ಗ್ಲೌಸ್ ಹಾಕಿ. +6 ಸ್ಥಿತಿಯ ಕ್ರೋಮಿಯಂ ಕ್ಯಾನ್ಸರ್ ತರಬಲ್ಲದು. +3ರ ಹಸಿರು ಕ್ರೋಮಿಯಂ ಅಷ್ಟು ಅಪಾಯಕಾರಿಯಲ್ಲ. ಪಿಪೆಟ್ಟಿಗೆ ಬಾಯಿ ಹಾಕಿ ಎಳೆಯಬೇಡಿ, ಬಲ್ಬ್ ಬಳಸಿ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ, ಲ್ಯಾಬಿನವರು ಇಟ್ಟಿರುವ ಬಾಟಲಿಗೆ ಹಾಕಿ. ಪರ್ಮಾಂಗನೇಟ್ ಹರಳುಗಳನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಜೊತೆಗೋ ಗ್ಲಿಸರಿನ್ ಜೊತೆಗೋ ಸೇರಿಸಿ ನೋಡುವ ಆಟ ಬೇಡವೇ ಬೇಡ. ಮೊದಲನೆಯದು ಸಿಡಿಯಬಹುದು, ಎರಡನೆಯದು ಹೊತ್ತಿ ಉರಿಯುತ್ತದೆ.

ಲಕ್ಷಣ: ಟೈಟ್ರೇಶನ್‌ನಲ್ಲಿ ಗುಲಾಬಿ ಬರಬೇಕಿತ್ತು, ಕಂದು ಬಂತು

ಪಿಯುಸಿ ಲ್ಯಾಬಿನಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿಡುವ ಪ್ರಯೋಗ ಉತ್ಕರ್ಷಣ ಸಂಖ್ಯೆಯನ್ನು ಕಣ್ಣಾರೆ ನೋಡುವ ಅವಕಾಶ. ಬ್ಯುರೆಟ್‌ನಲ್ಲಿರುವ ಕಡು ನೇರಳೆ ದ್ರಾವಣದಲ್ಲಿ ಮ್ಯಾಂಗನೀಸ್ +7. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಕಾರ್ಬನ್ +3, ಜೊತೆಗೆ ತೆಳು ಸಲ್ಫ್ಯೂರಿಕ್ ಆಮ್ಲ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿರುತ್ತೀರಿ. ಮೊದಲ ಹನಿ ಬಿದ್ದಾಗ ಬಣ್ಣ ಬೇಗ ಹೋಗುವುದಿಲ್ಲ. ಗುಲಾಬಿ ಎಳೆಯಾಗಿ ಸುತ್ತುತ್ತಾ ನಿಧಾನವಾಗಿ ಮಾಯವಾಗುತ್ತದೆ. ಕೆಲವು ಹನಿ ಆದ ಮೇಲೆ ಬಿದ್ದ ಕೂಡಲೇ ಬಣ್ಣ ಹೋಗತೊಡಗುತ್ತದೆ. ಇದೂ ದೋಷವಲ್ಲ. ಹುಟ್ಟಿದ +2 ಮ್ಯಾಂಗನೀಸೇ ಕ್ರಿಯೆಯನ್ನು ಚುರುಕು ಮಾಡುತ್ತದೆ.

ಫ್ಲಾಸ್ಕಿನಲ್ಲಿ ಕಂದು ಬಣ್ಣದ ರಾಡಿ ಕಂಡರೆ ನಿಲ್ಲಿಸಿ. ಮ್ಯಾಂಗನೀಸ್ +2ರವರೆಗೆ ಇಳಿಯದೆ +4ರಲ್ಲಿ, ಡೈಆಕ್ಸೈಡ್ ಆಗಿ ನಿಂತುಬಿಟ್ಟಿದೆ. ಮೊದಲು ನೋಡಬೇಕಾದದ್ದು ಆಮ್ಲ: ಹಾಕಿದ್ದು ಕಡಿಮೆಯೋ, ಹಾಕುವುದೇ ಮರೆತಿತೋ? ಆಮೇಲೆ ಬಿಸಿ ಸಾಕಿತ್ತಾ, ಹನಿ ಹನಿಯಾಗಿ ಬಿಡದೆ ಒಮ್ಮೆಲೇ ಬಿಟ್ಟಿರಾ ಎಂದು ನೋಡಿ. ಈ ಓದುವಿಕೆಯನ್ನು ಬರೆದುಕೊಳ್ಳಬೇಡಿ. ನಿಮ್ಮ ಲೆಕ್ಕ ಪ್ರತಿ ಮ್ಯಾಂಗನೀಸ್ ಐದು ಎಲೆಕ್ಟ್ರಾನು ಪಡೆಯಿತು ಎಂಬುದರ ಮೇಲೆ ನಿಂತಿದೆ. ಕಂದು ಆದಾಗ ಅದು ಪಡೆದದ್ದು ಮೂರೇ. ಫ್ಲಾಸ್ಕ್ ತೊಳೆದು ಹೊಸದಾಗಿ ಶುರು ಮಾಡಿ. ಕೈಗೆ ಪರ್ಮಾಂಗನೇಟ್ ತಾಗಿದಾಗ ಉಳಿಯುವ ಕಂದು ಕಲೆಯೂ ಇದೇ ಡೈಆಕ್ಸೈಡ್.

ಆಮ್ಲ ಬೇಕು ಎಂದು ಕೈಗೆ ಸಿಕ್ಕ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಡಿ. ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ. ಓದುವಿಕೆ ಜಾಸ್ತಿ ಬರುತ್ತದೆ, ಕ್ಲೋರಿನ್ ಕೂಡ ಹೊರಬರುತ್ತದೆ. ಮೋರ್ ಲವಣದ ಪ್ರಯೋಗದಲ್ಲಿ ಬಿಸಿ ಮಾಡಬೇಡಿ, ಅಲ್ಲಿನ ಕಬ್ಬಿಣ +2ರಿಂದ ಗಾಳಿಯಲ್ಲೇ +3ಕ್ಕೆ ಹೋಗಿಬಿಡುತ್ತದೆ. ಆ ಲವಣದ ತಿಳಿ ಹಸಿರು ಹರಳುಗಳು ಹಳದಿಗೆ ತಿರುಗಿದ್ದರೆ ಓದುವಿಕೆ ಕಡಿಮೆ ಬರುತ್ತದೆ. ಬೇರೆ ಬಾಟಲಿ ಕೇಳಿ.

ಎಲ್ಲಿ ನಿಲ್ಲಿಸಿ ಕೇಳಬೇಕು

ಚಾರ್ಜ್, ಭಾಗಾಕಾರ, ಗುಂಪಿನ ಮಿತಿ, ಪೆರಾಕ್ಸೈಡ್ ಈ ನಾಲ್ಕೂ ನೋಡಿದ ಮೇಲೂ ಉತ್ತರ ಹೊಂದದಿದ್ದರೆ, ಇನ್ನಷ್ಟು ಹೊತ್ತು ಸೂತ್ರವನ್ನೇ ದಿಟ್ಟಿಸಿ ಫಲವಿಲ್ಲ. ಬರೀ ಸೂತ್ರದಿಂದ ಸರಾಸರಿ ಸಿಗುತ್ತದೆ, ಒಂದೊಂದು ಪರಮಾಣುವಿನ ಸಂಖ್ಯೆಗೆ ರಚನೆ ಬೇಕು. ಅಣುವಿನ ರಚನೆ ತೋರಿಸಿ ಎಂದು ಮೇಷ್ಟ್ರನ್ನು ಕೇಳಿ. "ಅರ್ಥ ಆಗಲಿಲ್ಲ" ಎನ್ನುವುದಕ್ಕಿಂತ "ಗಂಧಕಕ್ಕೆ ನನಗೆ ಇಷ್ಟು ಬಂತು, ಮಿತಿ ಇಷ್ಟು, ಯಾವ ಬಂಧ ನನಗೆ ಕಾಣುತ್ತಿಲ್ಲ?" ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನೀವು ಮಾಡಿದ ಲೆಕ್ಕದ ಹಾಳೆ ಕೈಯಲ್ಲಿರಲಿ, ತಪ್ಪಿದ ಸಾಲನ್ನು ಹೊಡೆದುಹಾಕಬೇಡಿ.

ಲೋಹದ ಸಂಕೀರ್ಣಗಳಲ್ಲಿ ನೈಟ್ರಿಕ್ ಆಕ್ಸೈಡ್ ಕಾಣಿಸಿಕೊಂಡರೆ ಒಬ್ಬರೇ ಗುದ್ದಾಡಬೇಡಿ. ಅದು ಲೋಹಕ್ಕೆ ಎಲೆಕ್ಟ್ರಾನು ಕೊಟ್ಟಿದೆಯೋ ಪಡೆದಿದೆಯೋ ಎಂದು ತೀರ್ಮಾನಿಸಲು ಪ್ರಯೋಗದ ಮಾಹಿತಿ ಬೇಕಾಗುತ್ತದೆ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕ ಯಾವ ಲೆಕ್ಕ ಹಿಡಿದಿದೆಯೋ ಅದನ್ನೇ ಬರೆಯಿರಿ.